ಫೆಟ್: ಉತ್ತರ ಹೇಳಿಕೊಡದ ಕೆಮಿಸ್ಟ್ರಿ ಮೇಷ್ಟ್ರು

ಬೇಗ ಹೋಂವರ್ಕ್ ಮುಗಿಸಿ ಮಲಗಬೇಕು ಅನ್ನುವವರಿಗೆ ಫೆಟ್ ಅನ್ನುವ ವಿಜ್ಞಾನದ ವೆಬ್‌ಸೈಟ್ ಆಗಿಬರುವುದಿಲ್ಲ. ಅದು ಉತ್ತರವನ್ನೇ ಕೊಡುವುದಿಲ್ಲ. ಪ್ರಶ್ನೆ ಕೇಳೋಕೆ ಜಾಗವೂ ಇಲ್ಲ. ಆದರೂ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಶುರುಮಾಡಿದ್ದು, ಅವಳು ಪಿಯುಸಿಗೆ ಬಂದರೂ ನಮ್ಮ ಮನೆಯಲ್ಲಿ ಉಳಿದುಕೊಂಡಿದೆ. ಈಗ ಎಂಟನೇ ತರಗತಿಯ ತಮ್ಮನ ಸರದಿ. ನಾನು ಓದಿದ್ದು ಕಾಮರ್ಸ್. ಹಾಗಾಗಿ ಇದು ಪಕ್ಕದಲ್ಲಿ ಕೂತು ನೋಡಿದ ಅಪ್ಪನ ವಿಮರ್ಶೆ ಅಂದುಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಫೆಟ್ (PhET) ಅನ್ನುವುದು ಅಮೆರಿಕದ ಕೊಲರಾಡೋ ಬೌಲ್ಡರ್ ವಿಶ್ವವಿದ್ಯಾಲಯದವರು ಮಾಡಿದ ವಿಜ್ಞಾನ ಸಿಮ್ಯುಲೇಷನ್‌ಗಳ, ಅಂದರೆ ಪರದೆಯ ಮೇಲೆ ಆಡಿ ನೋಡುವ ಪ್ರಯೋಗಗಳ ತಾಣ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಶುರುಮಾಡಿದರು. ಬ್ರೌಸರ್‌ನಲ್ಲಿ ಉಚಿತ. ಸಿಮ್ಯುಲೇಷನ್ ಆಡೋಕೆ ಲಾಗಿನ್ ಬೇಕಿಲ್ಲ. ಒಂದೊಂದನ್ನೂ ಫೈಲ್ ಆಗಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಕರೆಂಟ್ ಹೋದ ಕೂಡಲೇ ವೈಫೈ ಸಾಯುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಬೇರೆ ಬೇರೆ ಭಾಷೆಗಳಿಗೆ ಸ್ವಯಂಸೇವಕರು ಅನುವಾದಿಸುತ್ತಾರೆ, ಕನ್ನಡದಲ್ಲೂ ಸಿಗುತ್ತವೆ.

ಹತ್ತನೇ ತರಗತಿಯ ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ‘ಸರಿದೂಗಿಸಿ’ ಅಂತ, ಅಂದರೆ ಎರಡೂ ಕಡೆ ಪರಮಾಣುಗಳ ಎಣಿಕೆ ಸಮ ಮಾಡಿ ಅಂತ, ಸಾಲುಸಾಲು ಲೆಕ್ಕ. ಆಗ ಜೊತೆಗೆ ಇನ್ನೊಂದು ಆ್ಯಪನ್ನೂ ಹಾಕಿಕೊಂಡಿದ್ದೆವು. ಹೆಸರು ಬೇಡ. ಪ್ರಶ್ನೆಯ ಫೋಟೋ ಹಾಕಿದರೆ ಉತ್ತರ ಬರುತ್ತಿತ್ತು. ಕಾದ ಕಬ್ಬಿಣದ ಮೇಲೆ ಹಬೆ ಹಾಯುವ ಸಮೀಕರಣಕ್ಕೆ ಸೂತ್ರಗಳ ಮುಂದೆ 3, 4, 1, 4 ಅಂತ ಥಟ್ಟನೆ ಕೊಟ್ಟಿತು. ಉತ್ತರ ಸರಿಯೇ. ಆದರೆ ಆ ಮೂರು ಎಲ್ಲಿಂದ ಬಂತು ಅಂದರೆ ಮಗಳ ಬಳಿ ಮಾತಿಲ್ಲ. ಮುಂದಿನ ಲೆಕ್ಕಕ್ಕೆ ಮತ್ತೆ ಫೋಟೋ. ಅದರ ಮೇಲೆ ಕೋರ್ಸ್ ತಗೊಳ್ಳಿ ಅಂತ ಫೋನ್ ಕಾಟ ಬೇರೆ.

ಫೆಟ್‌ನಲ್ಲಿ ಸಮೀಕರಣ ಸರಿದೂಗಿಸುವ ಸಿಮ್ಯುಲೇಷನ್ ಮೂರೇ ಕ್ರಿಯೆಗಳಿಂದ ಶುರುವಾಗುತ್ತದೆ: ಅಮೋನಿಯಾ ತಯಾರಿಸುವುದು, ನೀರನ್ನು ಒಡೆಯುವುದು, ಮೀಥೇನ್ ಉರಿಸುವುದು. ನೀರು ಒಡೆಯುವುದನ್ನೇ ನೋಡಿ. ಈ ಕಡೆ ಒಂದು ನೀರಿನ ಅಣು, ಅದರಲ್ಲಿ ಆಕ್ಸಿಜನ್ ಪರಮಾಣು ಒಂದೇ. ಆ ಕಡೆ ಆಕ್ಸಿಜನ್ ಅಣು, ಅದರಲ್ಲಿ ಎರಡು. ಪರದೆಯ ತಕ್ಕಡಿ ವಾಲುತ್ತದೆ. ಮಕ್ಕಳು ಮೊದಲು ಮಾಡುವುದೇನು? ಸೂತ್ರದ ಒಳಗಿನ ಚಿಕ್ಕ ಅಂಕಿ ತಿದ್ದೋಕೆ ಹೋಗುತ್ತಾರೆ. ನೀರಿನ ಆಕ್ಸಿಜನ್ ಪಕ್ಕ ಒಂದು ಎರಡು ಬರೆದರೆ ಮುಗೀತಲ್ವಾ? ಮುಗಿಯಲಿಲ್ಲ. ಅದು ಈಗ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ನೋಟ್‌ಬುಕ್‌ನಲ್ಲಿ ಹಾಗೆ ಬರೆದರೆ ಪೆನ್ಸಿಲ್ ತಡೆಯುವುದಿಲ್ಲ. ಫೆಟ್‌ನಲ್ಲಿ ಆ ಅಂಕಿಯನ್ನು ಮುಟ್ಟೋಕೇ ಆಗುವುದಿಲ್ಲ. ಸೂತ್ರದ ಮುಂದಿನ ಸಂಖ್ಯೆ ಮಾತ್ರ ಬದಲಾಗುತ್ತದೆ. ಒಂದು ಹೆಚ್ಚಿಸಿದರೆ ಇಡೀ ಅಣುವೇ ಚಿತ್ರವಾಗಿ ಬಂದು ಕೂರುತ್ತದೆ. ಎರಡು ನೀರು ಇಟ್ಟರೆ ಆಕ್ಸಿಜನ್ ಸರಿಹೋಯಿತು, ಆದರೆ ಹೈಡ್ರೋಜನ್ ನಾಲ್ಕಾಯಿತು. ಸರಿ, ಆ ಕಡೆಯೂ ಎರಡು ಹೈಡ್ರೋಜನ್ ಅಣು ಇಡಬೇಕು. ತಕ್ಕಡಿ ನೆಟ್ಟಗಾಗುತ್ತದೆ, ನಗುಮುಖ ಬರುತ್ತದೆ. ಇಷ್ಟು ಆಡಿದ ಮೇಲೆ ಕಬ್ಬಿಣದ ಲೆಕ್ಕವನ್ನು ಅವಳೇ ಪೇಪರ್ ಮೇಲೆ ಅಣುಗಳ ಚಿತ್ರ ಬರೆದು ಬಿಡಿಸಿದಳು. ನಾನು ಸುಮ್ನೆ ಕೂತಿದ್ದೆ.

ಎರಡನೇ ಪಾಠ ಆಮ್ಲ, ಪ್ರತ್ಯಾಮ್ಲ, ಲವಣ. ಇದಕ್ಕೆ ಪಿಎಚ್ (ಆಮ್ಲೀಯತೆಯ ಅಳತೆ: 7 ಅಂದರೆ ತಟಸ್ಥ, ಅದಕ್ಕಿಂತ ಇಳಿದಷ್ಟೂ ಆಮ್ಲ ಜಾಸ್ತಿ) ಸಿಮ್ಯುಲೇಷನ್ ಇದೆ, ನನ್ನ ಮಟ್ಟಿಗೆ ಫೆಟ್‌ನ ಅತ್ಯಂತ ಮಜವಾದ ತುಣುಕು. ಹಾಲು 6.5, ಕಾಫಿ 5, ಕಿತ್ತಳೆ ರಸ 3.5, ಬ್ಯಾಟರಿ ಆಮ್ಲ 1. ಪಟ್ಟಿಯಲ್ಲಿ ವಾಂತಿಯೂ ಇದೆ, 2. ಮಗನ ಫೇವರಿಟ್ ಯಾವುದು ಅಂತ ಹೇಳಬೇಕಾಗಿಲ್ಲ. ಅರ್ಧ ಲೀಟರ್ ಕಾಫಿಗೆ ಅರ್ಧ ಲೀಟರ್ ನೀರು ಬಿಟ್ಟರೆ ಪಿಎಚ್ 5ರಿಂದ ಬರೀ 5.3ಕ್ಕೆ ಹೋಗುತ್ತದೆ. ಇಷ್ಟೇನಾ ಅನಿಸುತ್ತದೆ. ಪಿಎಚ್‌ನಲ್ಲಿ ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು, ಎರಡು ಪಟ್ಟು ತೆಳುವಾದರೆ 0.3 ಅಷ್ಟೇ. ಇನ್ನೆಷ್ಟು ನೀರು ಬಿಟ್ಟರೂ 7ರ ಹತ್ತಿರ ಹೋಗುತ್ತದೆ, ದಾಟುವುದಿಲ್ಲ. ‘ಆಮ್ಲವನ್ನು ದುರ್ಬಲಗೊಳಿಸಿದಾಗ ಹೈಡ್ರೋನಿಯಂ ಅಯಾನುಗಳ ಸಾರತೆ ಏನಾಗುತ್ತದೆ’ (ಆಮ್ಲತನ ತರುವ ಕಣಗಳು ಎಷ್ಟು ದಟ್ಟವಾಗಿರುತ್ತವೆ) ಅನ್ನುವ ಪ್ರಶ್ನೆಗೆ ಬಾಯಿಪಾಠ ಮಾಡುವ ಗೋಜೇ ಇರಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಪೋಷಕರೇ ಹೇಳಬೇಕು. ಪರದೆಯಲ್ಲಿ ಬ್ಯಾಟರಿ ಆಮ್ಲದ ಮೇಲೆ ನಲ್ಲಿ ತಿರುಗಿಸಿದರೆ ಏನೂ ಆಗುವುದಿಲ್ಲ. ನಿಜವಾದ ಲ್ಯಾಬ್‌ನಲ್ಲಿ ಗಾಢ ಗಂಧಕಾಮ್ಲಕ್ಕೆ (ಬ್ಯಾಟರಿಯಲ್ಲಿರುವುದೂ ಅದೇ ಆಮ್ಲ, ತೆಳುವಾಗಿ) ನೀರು ಸುರಿದರೆ ವಿಪರೀತ ಶಾಖ ಹುಟ್ಟಿ ಸಿಡಿಯುತ್ತದೆ. ಆಮ್ಲವನ್ನೇ ನಿಧಾನವಾಗಿ ನೀರಿಗೆ ಹಾಕಬೇಕು, ಕಲಕುತ್ತಾ ಇರಬೇಕು. ಇಂಥದ್ದನ್ನು ಮೌಸ್ ಕಲಿಸುವುದಿಲ್ಲ.

ನಿಜವಾದ ಬಣ್ಣ, ವಾಸನೆ, ಬಿಸಿ ಕೂಡ ಪರದೆಗೆ ಬರುವುದಿಲ್ಲ. ಅದಕ್ಕೆ ಅಡುಗೆಮನೆಯೇ ಸರಿ. ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಆರತಿ ಮಾಡುತ್ತೇವಲ್ಲ, ಅದೇ ಸೂಚಕದ (ಆಮ್ಲವೋ ಪ್ರತ್ಯಾಮ್ಲವೋ ಅಂತ ಬಣ್ಣದಿಂದ ಹೇಳುವ ವಸ್ತು) ಪ್ರಯೋಗ. ಅದರ ಮೇಲೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಅಜ್ಜಿಗೆ ಇದು ಮೊದಲೇ ಗೊತ್ತಿತ್ತು, ತಟಸ್ಥೀಕರಣ, ಅಂದರೆ ಆಮ್ಲ ಪ್ರತ್ಯಾಮ್ಲ ಒಂದನ್ನೊಂದು ತಣ್ಣಗಾಗಿಸುವುದು, ಅಂತ ಹೇಳಿದಾಗ ‘ಓಹೋ’ ಅಂದು ಒಳಗೆ ಹೋದರು.

ಪಾಠವನ್ನೇ ಯಾರಾದರೂ ಮಾತಿನಲ್ಲಿ ಹೇಳಿಕೊಡಬೇಕು ಅಂದರೆ ಖಾನ್ ಅಕಾಡೆಮಿ ನೋಡಿ, ಕನ್ನಡದಲ್ಲೂ ಇದೆ, ಅದೂ ಉಚಿತ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸರ್ಕಾರದ ಕಲಿಕಾ ತಾಣ ದೀಕ್ಷಾಗೆ ಕರೆದೊಯ್ಯುತ್ತದೆ, ಪಾಠಕ್ಕೆ ತಕ್ಕ ವಿಡಿಯೋ ಹುಡುಕೋಕೆ ಸುಲಭ ದಾರಿ. ನಾವು ಇವನ್ನು ಫೆಟ್ ಆದ ಮೇಲೆ ನೋಡುತ್ತೇವೆ. ಮೊದಲು ವಿಡಿಯೋ ಹಾಕಿದರೆ ಮಗ ತಲೆಯಾಡಿಸುತ್ತಾನೆ, ಅರ್ಥ ಆಗಿರುವುದಿಲ್ಲ.

ಅಂಕಗಳ ಲೆಕ್ಕಕ್ಕೆ ಬಂದರೆ ಫೆಟ್ ಅರ್ಧ ದಾರಿಗಷ್ಟೇ ಜೊತೆ. ವ್ಯಾಖ್ಯೆ ಬರೆಯಿರಿ, ಕಾರಣ ಕೊಡಿ, ಉಪಕರಣದ ಚಿತ್ರ ಬರೆದು ಭಾಗ ಗುರುತಿಸಿ ಅನ್ನುವ ಪ್ರಶ್ನೆಗಳನ್ನು ಕೈಯಲ್ಲಿ ಬರೆದೇ ಅಭ್ಯಾಸ ಮಾಡಬೇಕು.

ಎಂಟು ಒಂಬತ್ತನೇ ತರಗತಿಯವರು ಸಮೀಕರಣಕ್ಕೆ ಕೈಹಾಕುವ ಮುಂಚೆ ಪರಮಾಣು ಕಟ್ಟುವ ಸಿಮ್ಯುಲೇಷನ್ ಆಡಲಿ. ಒಂದು ಪ್ರೋಟಾನ್ ಜಾಸ್ತಿ ಹಾಕಿದರೆ ಧಾತುವಿನ ಹೆಸರೇ ಬದಲಾಗುತ್ತದೆ, ನ್ಯೂಟ್ರಾನ್ ಹಾಕಿದರೆ ಹೆಸರು ಹಾಗೇ ಇದ್ದು ತೂಕ ಏರುತ್ತದೆ. ಪಿಯುಸಿಯಲ್ಲಿ ಮೊಲಾರಿಟಿ (ದ್ರಾವಣದ ಸಾರತೆಯ ಅಳತೆ), ಅಣುಗಳ ಆಕಾರ ಇವಕ್ಕೆ ಮಗಳು ಈಗಲೂ ತೆರೆಯುತ್ತಾಳೆ. ಸಾವಯವ ಕ್ರಿಯೆಗಳಿಗೆ (ಇಂಗಾಲದ ಸಂಯುಕ್ತಗಳ ಕ್ರಿಯೆಗಳು) ಮಾತ್ರ ಅಷ್ಟಾಗಿ ಉಪಯೋಗ ಕಾಣಲಿಲ್ಲ. ಅದಕ್ಕೆ ಗುಂಡು ಕಡ್ಡಿಗಳ ಒಂದು ಮಾಡೆಲ್ ಕಿಟ್ ತಂದುಕೊಟ್ಟಿದ್ದೇನೆ.