ಗೂಗಲ್ ಲಾಗಿನ್ ಕೇಳುವ ಆ ‘ಸೋಷಿಯಲ್’ ಬ್ರೌಸರ್ ಹಾಕಿಕೊಳ್ಳಬೇಡಿ

ಗೆಳೆಯರ ಫೀಡ್, ಚಾಟ್, ಫೋಟೋ ಎಲ್ಲಾ ಬ್ರೌಸರ್ ಒಳಗೇ ಸಿಗುತ್ತದೆ ಅಂತ ಜಾಹೀರಾತು ಬರುತ್ತಿದೆಯಲ್ಲ, ಅದನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ಹಾಕಿಕೊಂಡಾಗಿದ್ದರೆ ಗೂಗಲ್ ಅಕೌಂಟ್ ಮಾತ್ರ ಜೋಡಿಸಬೇಡಿ. ನನ್ನ ಮರ್ಯಾದೆ ಹೋಗಿದ್ದು ಅಲ್ಲಿಂದಲೇ.

ಇಂಥ ಬ್ರೌಸರ್ ನನಗೆ ಹೊಸದೇನಲ್ಲ. ಕಾಲೇಜಿನಲ್ಲಿದ್ದಾಗ ರಾಕ್‌ಮೆಲ್ಟ್ ಬಳಸುತ್ತಿದ್ದೆ. 2010ರಲ್ಲಿ ಬಂದಿದ್ದು. ಹಳೇ ನೆಟ್‌ಸ್ಕೇಪ್ ಬ್ರೌಸರ್ ಕಂಪನಿಯ ಮಾರ್ಕ್ ಆಂಡ್ರೀಸನ್ ಅದಕ್ಕೆ ದುಡ್ಡು ಹಾಕಿದ್ದರು. ಅಂಚಿನಲ್ಲಿ ಫೇಸ್‌ಬುಕ್ ಗೆಳೆಯರ ಮುಖಗಳ ಸಾಲು, ಓದುತ್ತಾ ಓದುತ್ತಾ ಅಲ್ಲೇ ಚಾಟ್. ತುಂಬಾ ಇಷ್ಟ ಆಗಿತ್ತು. 2013ರಲ್ಲಿ ಯಾಹೂ ಕೊಂಡುಕೊಂಡು ಮುಚ್ಚಿಬಿಟ್ಟಿತು. ಅದಕ್ಕೂ ಮುಂಚೆ ಬಂದಿದ್ದ ಫ್ಲಾಕ್ ಅನ್ನುವ ಇಂಥದ್ದೇ ಬ್ರೌಸರ್ ಕಥೆಯೂ ಅದೇ. 2011ರಲ್ಲಿ ಗೇಮ್ ಕಂಪನಿ ಜಿಂಗಾ ಕೊಂಡಿತು, ಅದೇ ವರ್ಷ ಏಪ್ರಿಲ್‌ನಲ್ಲಿ ನಿಂತುಹೋಯಿತು. ಅಂಥದ್ದೊಂದು ಮತ್ತೆ ಬಂದಿದೆ ಅಂತ ಖುಷಿಯಿಂದ ಇದನ್ನು ಹಾಕಿಕೊಂಡೆ.

ಲಾಗಿನ್ ಆದ ಮೇಲೆ ‘ನಿಮ್ಮ ಗೆಳೆಯರನ್ನು ಹುಡುಕಿ’ ಅಂತ ಒಂದು ಪುಟ ಬಂತು. ಇದು ಎಲ್ಲಾ ಆಪ್‌ಗಳಲ್ಲೂ ಇರುತ್ತದೆ, ಅಲ್ವಾ? ಯಾರು ಮೊದಲೇ ಇದ್ದಾರೆ ಅಂತ ತೋರಿಸುತ್ತದೆ, ಅಷ್ಟೇ. ಇಲ್ಲೂ ಐದಾರು ಮುಖ ಕಾಣಿಸಿತು. ಕೆಳಗೆ ಅಗಲವಾದ ನೀಲಿ ಬಟನ್, ‘ಮುಂದುವರಿಯಿರಿ’. ಒತ್ತಿದೆ. ಆ ಪಟ್ಟಿ ಐದಾರು ಜನಕ್ಕೆ ಮುಗಿದಿರಲಿಲ್ಲ! ಕೆಳಕ್ಕೆ ಎಳೆದರೆ ನನ್ನ ಕಾಂಟ್ಯಾಕ್ಟ್ಸ್ ಪೂರ್ತಿ ಇತ್ತು, ಎಲ್ಲರ ಹೆಸರಿಗೂ ಮೊದಲೇ ಟಿಕ್ ಹಾಕಿಟ್ಟಿದ್ದರು. ಕೆಳಗೆ ಇನ್ನೂ ಇದೆ ಅನ್ನುವ ಗುರುತೇ ಇಲ್ಲ. ‘ಬಿಟ್ಟುಬಿಡಿ’ ಅನ್ನುವುದು ಮೂಲೆಯಲ್ಲಿ, ಬಿಳಿ ಪುಟದ ಮೇಲೆ ತಿಳಿ ಬೂದು ಅಕ್ಷರದಲ್ಲಿ. ಖಾಲಿ ಅಕೌಂಟ್ ಮಾಡಿ ಮತ್ತೆ ಅದೇ ಪುಟಕ್ಕೆ ಹೋಗಿ ಹುಡುಕಿದ ಮೇಲೇ ಅದು ನನಗೆ ಕಂಡಿದ್ದು.

ಅರ್ಧ ಗಂಟೆಯೊಳಗೆ ಫೋನ್ ಶುರುವಾಯಿತು. ದಾವಣಗೆರೆಯಿಂದ ಅತ್ತೆ: ‘ಏನೋ ಪುಟ್ಟ, ನಿನ್ನ ಫೋಟೋ ಹಾಕಿ ನಿಮಗಾಗಿ ಕಾಯ್ತಿದಾರೆ ಅಂತ ಮೇಲ್ ಬಂದಿದೆ. ಪಾಸ್‌ವರ್ಡ್ ಕೇಳ್ತಿದೆ, ಹಾಕ್ಲಾ?’ ಕೈಕಾಲೇ ತಣ್ಣಗಾಯಿತು. ಬೇಡ ಅತ್ತೆ, ಬೇಡ, ಮುಟ್ಟಬೇಡಿ ಅಂತ ಕೂಗಿದೆ. ಆಮೇಲೆ ಮ್ಯಾನೇಜರ್: ‘ಆಫೀಸ್ ಮೇಲ್‌ಗೆ ಇಂಥದ್ದೆಲ್ಲ ಕಳಿಸಬೇಡಿ.’ ಹಿಂದೆ ಇಂಟರ್‌ವ್ಯೂ ಕೊಟ್ಟಿದ್ದ ಕಂಪನಿಯ ಎಚ್‌ಆರ್‌ಗೂ ಹೋಗಿದೆ. ಅಡ್ವಾನ್ಸ್ ದುಡ್ಡಿನ ಜಗಳದಲ್ಲಿ ಮಾತು ಬಿಟ್ಟಿರುವ ಹಳೇ ಮನೆ ಓನರ್‌ಗೂ ನಾನು ‘ಕಾಯುತ್ತಿದ್ದೇನೆ’ ಅಂತ ಹೋಗಿದೆ! ಯಾಕೆ ಅಂದರೆ, ನಾವು ಒಂದು ಸಲ ಮೇಲ್ ಮಾಡಿದವರ ವಿಳಾಸವನ್ನೂ ಜಿಮೇಲ್ ತಾನಾಗಿಯೇ ಉಳಿಸಿಟ್ಟುಕೊಳ್ಳುತ್ತದೆ. ಇವರು ಅದನ್ನೂ ಬಾಚಿಕೊಂಡಿದ್ದಾರೆ.

ಆ ಬ್ರೌಸರ್ ಕಂಪನಿಗೆ ದೂರು ಬರೆದೆ. ಅವರ ಉತ್ತರ ಕೇಳಿ. ಮೊದಲನೇ ಮೇಲ್: ‘ನಿಮ್ಮ ಅನುಭವವನ್ನು ಗೆಳೆಯರ ಜೊತೆ ಹಂಚಿಕೊಂಡಿದ್ದಕ್ಕೆ ಧನ್ಯವಾದ.’ ನಾನು ಹಂಚಿಕೊಂಡೆನಾ? ಮತ್ತೆ ಬರೆದೆ. ‘ನೀವೇ ಒಪ್ಪಿಗೆ ಕೊಟ್ಟಿದ್ದೀರಿ’ ಅಂತ ಬಂತು. ಹಾಗಾದರೆ ನನ್ನ ಕಾಂಟ್ಯಾಕ್ಟ್ಸ್ ಅಳಿಸಿ ಅಂದೆ. ‘ಅಳಿಸಬೇಕಾದರೆ ಆಯಾ ವ್ಯಕ್ತಿಗಳೇ ತಮ್ಮ ಮೇಲ್‌ನಿಂದ ನಮಗೆ ಬರೆಯಬೇಕು.’ ಅಂದರೆ ಅತ್ತೆ ಅವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಂತೆ! ತಗೊಳ್ಳುವಾಗ ನನ್ನೊಬ್ಬನ ಒಪ್ಪಿಗೆ ಸಾಕು, ಅಳಿಸುವಾಗ ಎಲ್ಲರೂ ಬೇಕಾ? ಇದನ್ನು ಕೇಳಿದ್ದಕ್ಕೆ ಉತ್ತರವೇ ಇಲ್ಲ, ದೂರಿನ ಟಿಕೆಟ್ ಕ್ಲೋಸ್.

ಒಪ್ಪಿಗೆ ಇತ್ತು ಅಂದರೆ ಮುಗಿಯಿತಾ? ಲಿಂಕ್ಡ್‌ಇನ್ ಮೇಲೆ ಇಂಥದ್ದೇ ಕೇಸ್ ಅಮೆರಿಕದಲ್ಲಿ ಆಗಿತ್ತು. ಜನರ ಹೆಸರಲ್ಲಿ ಅವರ ಕಾಂಟ್ಯಾಕ್ಟ್‌ಗಳಿಗೆ ಮತ್ತೆ ಮತ್ತೆ ಮೇಲ್ ಕಳಿಸಿದ್ದಕ್ಕೆ. 2015ರಲ್ಲಿ 1.3 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡರು. ಇಷ್ಟು ವರ್ಷ ಆದ ಮೇಲೂ ಇವರು ಅದೇ ಆಟ ಆಡುತ್ತಿದ್ದಾರೆ.

ಬ್ರೌಸರ್ ಅಂದರೆ ಸುಮ್ನೆ ಒಂದು ಆಪ್ ಅಲ್ಲ. ಬ್ಯಾಂಕ್ ಪುಟವನ್ನೂ ಅದರಲ್ಲೇ ತೆರೆಯುತ್ತೇವೆ. ಕಾಂಟ್ಯಾಕ್ಟ್ಸ್ ಹೀಗೆ ದೋಚುವವರ ಕೈಗೆ ಅದನ್ನು ಕೊಡುವುದಾ?

ಈಗಾಗಲೇ ಹಾಕಿಕೊಂಡವರು ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, ಗೂಗಲ್‌ನಲ್ಲಿ ನೀವು ಕೊಟ್ಟ ಅನುಮತಿ ಹಾಗೇ ಉಳಿಯುತ್ತದೆ. ಗೂಗಲ್ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಥರ್ಡ್ ಪಾರ್ಟಿ ಆಪ್‌ಗಳ ಪಟ್ಟಿಯಿಂದ ತೆಗೆಯಿರಿ. ಫೇಸ್‌ಬುಕ್ ಜೋಡಿಸಿದ್ದರೆ ಅಲ್ಲಿ ‘ಆಪ್ಸ್ ಅಂಡ್ ವೆಬ್‌ಸೈಟ್ಸ್’ ನೋಡಿ. ಪಾಸ್‌ವರ್ಡ್ ಬದಲಿಸಿ. ಅನುಮತಿ ಕೇಳುವಾಗ ಕಾಂಟ್ಯಾಕ್ಟ್ಸ್ ಡೌನ್‌ಲೋಡ್ ಅನ್ನುವ ಮಾತು ಕಂಡರೆ ಅಲ್ಲೇ ಮುಚ್ಚಿಬಿಡಿ.

ನಾನು ಎಲ್ಲಾ ತೆಗೆದಿದ್ದೇನೆ. ಆದರೂ ನನ್ನ ಹೆಸರಲ್ಲಿ ‘ರಿಮೈಂಡರ್’ ಮೇಲ್‌ಗಳು ಇನ್ನೂ ಹೋಗುತ್ತಿವೆ, ನಿನ್ನೆ ತಂಗಿಗೆ ಬಂದಿದೆ. ನನ್ನ ಪರಿಚಯದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಮೇಲ್ ನಾನು ಕಳಿಸಿದ್ದಲ್ಲ. ಒತ್ತಬೇಡಿ, ಸ್ಪ್ಯಾಮ್ ಅಂತ ಗುರುತು ಹಾಕಿ.