ಫೋನಿನಲ್ಲಿ 111, ಲೆಕ್ಕದಲ್ಲಿ 93: ಕಮೀನೊ ನಡೆಯುವವರೇ, ಮೊದಲ ಸೀಲು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ

ಸ್ಪೇನ್‌ನ ಕಮೀನೊ ನಡಿಗೆಗೆ, ಅಂದರೆ ಸಾಂತಿಯಾಗೊ ಊರಿನ ಸಂತ ಯಾಕೋಬನ ಕೆಥೆಡ್ರಲ್‌ಗೆ ಹೋಗುವ ಕ್ರೈಸ್ತರ ಪಾದಯಾತ್ರೆಗೆ, ಹೊರಟಿದ್ದೀರಾ? ಕೊನೆಗೆ ಕೈಗೆ ಕಂಪೊಸ್ತೇಲಾ ಪ್ರಮಾಣಪತ್ರ ಬೇಕು ಅಂತಿದ್ದರೆ, ಹೋಟೆಲ್ ಬುಕ್ ಮಾಡುವ ಮೊದಲೇ ಇದನ್ನು ಓದಿ. ನಾನು ಮತ್ತು ಅಕ್ಕ ಐದು ದಿನ ನಡೆದೆವು. ಕಾಲೆಲ್ಲ ಬೊಬ್ಬೆ. ಆಮೇಲೆ ಕೌಂಟರ್ ಮುಂದೆ ಬರಿಗೈಲಿ ನಿಂತೆವು. ಕಡಿಮೆ ಬಿದ್ದದ್ದು ಬರೀ 7 ಕಿಲೋಮೀಟರ್.

ನಿಯಮ ಸರಳವಾಗಿದೆ. ನಡೆದು ಬರುವವರು ಸಾಂತಿಯಾಗೊ ದೆ ಕಂಪೊಸ್ತೇಲಾಗೆ ಕನಿಷ್ಠ 100 ಕಿ.ಮೀ. ನಡೆದು ಬಂದಿರಬೇಕು. ಸೈಕಲ್ಲಾದರೆ 200. ಕ್ರೆದೆನ್ಸಿಯಾಲ್ ಅಂತ ಯಾತ್ರಿಕರ ಪುಸ್ತಿಕೆ ಇರುತ್ತದೆ, ಮಡಚಿಡುವ ರಟ್ಟಿನ ಹಾಳೆ. ದಾರಿಯಲ್ಲಿ ಸಿಗುವ ಚರ್ಚು, ಕೆಫೆ, ತಂಗುದಾಣಗಳಲ್ಲಿ ಅದಕ್ಕೆ ಸೀಲು ಹಾಕಿಸಬೇಕು, ದಿನಕ್ಕೆ ಕನಿಷ್ಠ ಎರಡು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಟ್ಟೆ.

ನಾನಿರುವುದು ಡಬ್ಲಿನ್‌ನಲ್ಲಿ. ಅಕ್ಕ ಬೆಂಗಳೂರಿನಿಂದ ಎರಡು ತಿಂಗಳಿಗೆ ಬಂದಿದ್ದಳು. ಶಿವರಾತ್ರಿಗೆ ಬೆಂಗಳೂರಿಂದ ಧರ್ಮಸ್ಥಳಕ್ಕೆ ಎರಡು ಸಲ ಪಾದಯಾತ್ರೆ ಮಾಡಿದವಳು. ಹತ್ತಿರ ಹತ್ತಿರ 300 ಕಿ.ಮೀ. ಅದು. ಅವಳಿಗೆ ನೂರು ಅಂದರೆ ನಗು. "ನೂರಾ? ಅಷ್ಟಕ್ಕೆ ಸರ್ಟಿಫಿಕೇಟ್ ಬೇರೆ ಕೊಡ್ತಾರೇನೋ?" ಅಂದಿದ್ದಳು.

ಕಮೀನೊಗೆ ಹಲವು ದಾರಿಗಳಿವೆ. ಬಹಳ ಜನರ ಹಾಗೆ ನಾವೂ ಫ್ರೆಂಚ್ ದಾರಿಯ ಸಾರಿಯಾ ಊರನ್ನೇ ಆರಿಸಿಕೊಂಡೆವು. ಅಲ್ಲಿಂದ ಸಾಂತಿಯಾಗೊಗೆ ಸುಮಾರು 115 ಕಿ.ಮೀ. ನೂರು ದಾಟುತ್ತದೆ, ಒಂದು ವಾರದೊಳಗೆ ಮುಗಿಯುತ್ತದೆ, ಅದಕ್ಕೇ ಅಷ್ಟು ಜನ ಅಲ್ಲಿಂದ ಶುರು ಮಾಡುವುದು. ಒಂದು ಕಂಪನಿಯ ಪ್ಯಾಕೇಜ್ ತೆಗೆದುಕೊಂಡೆ. ಹೆಸರು ಬೇಡ ಬಿಡಿ. ಪ್ರತಿ ರಾತ್ರಿ ಒಂದೊಂದು ಊರಲ್ಲಿ ರೂಮು, ಬ್ಯಾಗು ಅವರೇ ಸಾಗಿಸುತ್ತಾರೆ. ಬ್ಯಾಗು ಗಾಡಿಯಲ್ಲಿ ಹೋದರೆ ತೊಂದರೆ ಇಲ್ಲ, ನೀವು ಹೋಗಬಾರದು ಅಷ್ಟೇ.

ಎಡವಟ್ಟಾದದ್ದು ಮೊದಲ ದಿನವೇ. ವಿಮಾನ ತಡವಾಯಿತು. ಸಾರಿಯಾ ಮುಟ್ಟಿದಾಗ ಮಧ್ಯಾಹ್ನ ನಾಲ್ಕು. ಮಳೆ ಬೇರೆ. ಆ ರಾತ್ರಿಯ ರೂಮು ಇದ್ದದ್ದು 22 ಕಿ.ಮೀ. ಆಚೆ, ಪೋರ್ತೊಮರೀನ್‌ನಲ್ಲಿ. ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ತಣ್ಣಗೆ ಹೇಳಿದ: "ಟ್ಯಾಕ್ಸಿ ಮಾಡಿಕೊಂಡು ಹೋಗಿ ಸರ್, ಎಲ್ಲರೂ ಹಾಗೇ ಮಾಡ್ತಾರೆ. ಉಳಿದದ್ದು ಹೇಗೂ ನೂರರ ಹತ್ತಿರ ಹತ್ತಿರ ಆಗುತ್ತೆ."

ಹತ್ತಿರ ಹತ್ತಿರ! ನಾನು ಆ ಮಾತನ್ನು ಅಲ್ಲೇ ಹಿಡಿಯಬೇಕಿತ್ತು. 115ರಲ್ಲಿ 22 ಕಳೆದರೆ 93. ಮೂರನೇ ಕ್ಲಾಸಿನ ಲೆಕ್ಕ. ಸುಸ್ತಾಗಿತ್ತು, ಮಾಡಲಿಲ್ಲ. ಟ್ಯಾಕ್ಸಿಯಲ್ಲಿ ಅಕ್ಕ ಗೊರಕೆ ಹೊಡೆಯುತ್ತಿದ್ದಳು.

ಕಮೀನೊ ದಾರಿಯುದ್ದಕ್ಕೂ ದೂರ ತೋರಿಸುವ ಕಲ್ಲುಗಳಿವೆ. ಮೇಲೆ ಹಳದಿ ಚಿಪ್ಪಿನ ಗುರುತು, ಬಾಣ, ಕೆಳಗೆ ಸಾಂತಿಯಾಗೊಗೆ ಉಳಿದ ದೂರ, ಮೀಟರ್ ಲೆಕ್ಕದವರೆಗೆ. ಸರಿಯಾಗಿ ನೂರು ಉಳಿದಿದೆ ಅಂತ ಹೇಳುವ ಕಲ್ಲು ಇರುವುದು ಸಾರಿಯಾಕ್ಕೂ ಪೋರ್ತೊಮರೀನ್‌ಗೂ ನಡುವೆ. ಎಲ್ಲರೂ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಮಗೆ ಆ ಕಲ್ಲು ಕಾಣಲೇ ಇಲ್ಲ, ನಾವು ಡಾಂಬರು ರಸ್ತೆಯಲ್ಲಿ ಹೋದೆವಲ್ಲ. ಮಾರನೇ ದಿನ ಬೆಳಿಗ್ಗೆ ಊರು ದಾಟಿ ಸ್ವಲ್ಪ ದೂರದಲ್ಲಿ ಸಿಕ್ಕ ಮೊದಲ ಕಲ್ಲಿನ ಪಕ್ಕ ಅಕ್ಕನನ್ನು ನಿಲ್ಲಿಸಿ ಫೋಟೊ ತೆಗೆದೆ. ಆಮೇಲೆ ದೊಡ್ಡದು ಮಾಡಿ ನೋಡಿದರೆ ಅವಳ ಸೆರಗಿನ ಪಕ್ಕದಲ್ಲೇ ಬರೆದಿದೆ, 91 ಚಿಲ್ಲರೆ. ಐದು ದಿನ ಆ ಫೋಟೊ ನನ್ನ ಜೇಬಿನಲ್ಲೇ ಇತ್ತು.

ನಡಿಗೆ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೀಲಗಿರಿ ಮರಗಳ ನಡುವೆ ಮಂಜು. ಪಲಾಸ್ ದೆ ರೇ, ಮೆಲೀದೆ, ಅರ್ಸುವಾ, ಓ ಪೆದ್ರೌಸೊ. ಮೆಲೀದೆ ಆಕ್ಟೋಪಸ್ ಅಡುಗೆಗೆ ಹೆಸರಾದ ಊರು. ಅಕ್ಕ ಮೂಗಿಗೆ ಸೆರಗು ಹಿಡಿದುಕೊಂಡೇ ದಾಟಿದಳು. ಆಮೇಲೆ ಒಂದು ಕೆಫೆಯಲ್ಲಿ ಎಣ್ಣೆಯಲ್ಲಿ ಹುರಿದು ಉಪ್ಪು ಉದುರಿಸಿದ ಪಾದ್ರೋನ್ ಮೆಣಸಿನಕಾಯಿ ಸಿಕ್ಕಿತು. "ಇದಕ್ಕೆ ಕಡ್ಲೆಹಿಟ್ಟು ಒಂದು ಇದ್ದಿದ್ರೆ" ಅಂತ ಪೂರಾ ಪ್ಲೇಟು ಮುಗಿಸಿದಳು.

ಕೊನೆಯ ದಿನ ನನ್ನ ಫೋನು 111 ಕಿ.ಮೀ. ತೋರಿಸುತ್ತಿತ್ತು. ನಾನು ಖುಷಿಯಾಗಿದ್ದೆ. ಸಂಜೆ ಊಟ ಹುಡುಕಿಕೊಂಡು ಊರು ಸುತ್ತಿದ್ದು, ಮೆಡಿಕಲ್ ಶಾಪಿಗೆ ಹೋಗಿ ಬಂದದ್ದು, ದಾರಿ ತಪ್ಪಿ ತಿರುಗಿದ್ದು, ಎಲ್ಲ ಅದರಲ್ಲಿ ಸೇರಿತ್ತು.

ಪ್ರಮಾಣಪತ್ರ ಕೊಡುವ ಕಚೇರಿ ಕೆಥೆಡ್ರಲ್‌ನಿಂದ ಕೂಗಳತೆ ದೂರದಲ್ಲಿದೆ. ಫೋನಿನಲ್ಲೇ ಹೆಸರು, ಶುರು ಮಾಡಿದ ಊರು ತುಂಬಿಸಿ ನಂಬರ್ ತೆಗೆದುಕೊಂಡು ಕಾಯಬೇಕು. ನಮ್ಮ ನಂಬರ್ ಬಂತು. ಕೌಂಟರ್‌ನಲ್ಲಿದ್ದ ಹೆಂಗಸು ಪುಸ್ತಿಕೆ ಬಿಡಿಸಿ, ಬೆರಳಿಟ್ಟು ಒಂದೊಂದೇ ಸೀಲು ನೋಡುತ್ತಾ ಹೋದರು. ಕೊನೆಗೆ ಬೆರಳು ವಾಪಸ್ ಮೊದಲ ಸೀಲಿಗೆ ಬಂದು ನಿಂತಿತು. "ಪೋರ್ತೊಮರೀನ್?" ಅಂದರು. ಹೌದು ಅಂದೆ. "ಸಾರಿಯಾದಿಂದ ಅಲ್ಲವಾ?" ಟ್ಯಾಕ್ಸಿ, ವಿಮಾನ, ಮಳೆ ಎಲ್ಲ ಹೇಳಿದೆ. ಫೋನು ತೆಗೆದು 111 ತೋರಿಸಿದೆ. ಅವರು ಅದನ್ನು ನೋಡಿ ಮೆತ್ತಗೆ ನಕ್ಕರು. ಫೋನಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಯಾವ ಊರಿನಿಂದ ಹೊರಟಿರಿ, ಆ ಊರಿನಿಂದ ಅಧಿಕೃತ ದಾರಿ ಎಷ್ಟು ದೂರ, ಅದೇ ಲೆಕ್ಕ. ಅಕ್ಕನ ಪುಸ್ತಿಕೆಯಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು. ಒಂದು ದಿನ ಒಂದೇ ಸೀಲು. ಆವತ್ತು ಮಳೆಯಲ್ಲಿ ಬ್ಯಾಗು ಬಿಚ್ಚಲು ಬೇಜಾರಾಗಿತ್ತು.

ಕೊನೆಯ ಸೀಲು ಒತ್ತಿ ಕೊಟ್ಟರು, ಕಂಪೊಸ್ತೇಲಾ ಇಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. 2024ರಲ್ಲಿ ಸುಮಾರು 5 ಲಕ್ಷ ಜನ ಅಲ್ಲಿಗೆ ಬಂದಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಕಥೆ ಕೇಳುತ್ತಾ ಕೂತರೆ ಆದೀತಾ? "ಸಾರಿಯಾದ ಯಾವುದೋ ಕೆಫೆಯಲ್ಲಿ ಒಂದು ಸೀಲು ಹಾಕಿಸಿಕೊಂಡು ಟ್ಯಾಕ್ಸಿ ಹತ್ತಿದ್ದರೆ ಗೊತ್ತೇ ಆಗ್ತಿರಲಿಲ್ಲ" ಅಂತ ಆಮೇಲೆ ಒಬ್ಬರು ಉಪಾಯ ಹೇಳಿದರು. ಅಕ್ಕ ಅವರನ್ನು ನೋಡಿದ ನೋಟಕ್ಕೆ ನಾನು ಅನುವಾದ ಮಾಡಬೇಕಾಗಲಿಲ್ಲ.

ಈಗ ನಿಮ್ಮ ವಿಷಯ. ನೂರು ಕಿ.ಮೀ. ಅಂದರೆ 'ಹತ್ತಿರ ಹತ್ತಿರ' ಇಲ್ಲ. ಪೋರ್ಚುಗೀಸ್ ದಾರಿಯಲ್ಲಿ ತುಯಿ, ಇಂಗ್ಲಿಷ್ ದಾರಿಯಲ್ಲಿ ಫೆರೋಲ್, ಇವೆರಡೂ ನೂರನ್ನು ಆರಾಮಾಗಿ ದಾಟುತ್ತವೆ. ವೀಗೊ ಮತ್ತು ಲುಗೊ ಅಂಚಿನಲ್ಲಿವೆ, ಅಲ್ಲಿಂದ ಹೊರಡುವವರು ಎಲ್ಲೂ ಒಂದು ಹೆಜ್ಜೆ ಗಾಡಿ ಹತ್ತಬೇಡಿ. ಇಂಗ್ಲಿಷ್ ದಾರಿಯ ಇನ್ನೊಂದು ಊರು 'ಆ ಕೊರೂನಿಯಾ'ದಿಂದ ಬರೀ 75ರ ಆಸುಪಾಸು. ಐರ್ಲೆಂಡಿನಲ್ಲಿರುವ ನಮ್ಮವರು ಇದನ್ನು ಗಮನಿಸಿ: ಅಲ್ಲಿಂದ ಹೊರಡಬೇಕಾದರೆ ಉಳಿದ 25 ಕಿ.ಮೀ. ಇಲ್ಲೇ ಮೊದಲು ನಡೆದು ಅದರ ದಾಖಲೆ ಒಯ್ಯಬೇಕು. ಸಮುದ್ರದ ಕಡೆಯ ಫಿನಿಸ್ತೆರೆಯಿಂದ ನಡೆದರೆ ಕಂಪೊಸ್ತೇಲಾಗೆ ಲೆಕ್ಕವಿಲ್ಲ. ಸೈಕಲ್‌ನವರು ಸಾರಿಯಾದಿಂದ ಹೊರಟರೆ ಬೇಕಾದ ದೂರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಯಿತು ಅಷ್ಟೇ.

ಮುಖ್ಯವಾಗಿ, ನಡಿಗೆ ಶುರುವಾಗುವ ಊರಿಗೆ ಒಂದು ದಿನ ಮೊದಲೇ ಹೋಗಿ ಮಲಗಿ. ಮುಂದಿನ ರೂಮುಗಳು ಸರಪಳಿಯ ಹಾಗೆ ಬುಕ್ ಆಗಿರುತ್ತವೆ, ಮೊದಲ ದಿನ ಜಾರಿದರೆ ಟ್ಯಾಕ್ಸಿಯೇ ಗತಿ. ಹಾಗೇನಾದರೂ ಆದರೆ ರೂಮಿನ ದುಡ್ಡು ಹೋಗಲಿ, ನಡೆಯಿರಿ. ಸೀಲುಗಳು ದಾರಿಯಲ್ಲಿ ಊರುಗಳಿರುವ ಕ್ರಮದಲ್ಲೇ ಇರಬೇಕು. ಬಿಟ್ಟದ್ದನ್ನು ಆಮೇಲೆ ಹೋಗಿ ನಡೆದು ಸೇರಿಸುತ್ತೇನೆ ಅಂದರೆ ನಡೆಯದು.

ಸಂತ ಯಾಕೋಬನ ಹಬ್ಬ ಜುಲೈ 25. ಅದು ಭಾನುವಾರ ಬಿದ್ದ ವರ್ಷ ಅಲ್ಲಿ ಪವಿತ್ರ ವರ್ಷ. ಮುಂದಿನದು 2027ರಲ್ಲಿ. ಜನ ಜಾಸ್ತಿ ಇರುತ್ತಾರೆ, ರೂಮು ಬೇಗ ಹಿಡಿಯಿರಿ. ಅಕ್ಕ ಈಗಾಗಲೇ ಫೋನಿನಲ್ಲಿ ಶುರು ಮಾಡಿದ್ದಾಳೆ: "ಈ ಸಲ ಬುಕಿಂಗ್ ನಾನು ಮಾಡ್ತೀನಿ ಕಣೋ, ನೀನು ಮೆಣಸಿನಕಾಯಿ ಎಲ್ಲಿ ಸಿಗುತ್ತೆ ನೋಡ್ಕೊ ಸಾಕು."