ಅದ್ದಿ ಬರೆಯುವ ನಿಬ್, ಕಪ್ಪು ಡ್ರಾಯಿಂಗ್ ಇಂಕ್: ಮನುಷ್ಯರ ಚಿತ್ರಕ್ಕೆ ಹೇಗಿದೆ?

ಮರದ ಹಿಡಿಕೆ, ತುದಿ ಸೀಳಿದ ಸ್ಟೀಲ್ ನಿಬ್, ಒಂದು ಬಾಟಲಿ ವಾಟರ್‌ಪ್ರೂಫ್ ಇಂಕ್. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಸ್ಟೇಷನರಿ ಅಂಗಡಿಯಲ್ಲಿ ಕೊಂಡದ್ದು. ಕೆಲವು ವರ್ಷಗಳಿಂದ ಇದರಲ್ಲೇ ಮನುಷ್ಯರ ಚಿತ್ರ ಬಿಡಿಸುತ್ತಿದ್ದೇನೆ. ಜೆಲ್ ಪೆನ್ನು ಮತ್ತೆ ಮುಟ್ಟುವ ಮನಸ್ಸಾಗಿಲ್ಲ.

ಜೆಲ್ ಪೆನ್ನಿನ ಗೆರೆ ಎಲ್ಲಿ ನೋಡಿದರೂ ಒಂದೇ ದಪ್ಪ, ಅಲ್ವಾ? ಇಲ್ಲಿ ಒತ್ತಿದರೆ ನಿಬ್ಬಿನ ಸೀಳು ಬಾಯಿ ಬಿಡುತ್ತದೆ, ಇಂಕ್ ಜಾಸ್ತಿ ಇಳಿಯುತ್ತದೆ. ಕೈ ಹಗುರ ಮಾಡಿದರೆ ಕೂದಲೆಳೆಯಷ್ಟೇ ಗೆರೆ. ಗಂಜ್‌ನಲ್ಲಿ, ಅಂದರೆ ನಮ್ಮೂರಿನ ಧಾನ್ಯದ ಮಾರುಕಟ್ಟೆಯಲ್ಲಿ, ಕಟ್ಟೆ ಮೇಲೆ ಕೂತು ತೊಗರಿ ಚೀಲ ಹೊತ್ತ ಹಮಾಲರನ್ನು ಬಿಡಿಸಿ ನೋಡಿ. ಬಗ್ಗಿದ ಕತ್ತು, ನೆಲಕ್ಕೂರಿದ ಹಿಮ್ಮಡಿ, ಅಂದರೆ ಭಾರ ಬೀಳುವ ಕಡೆ ಒತ್ತಬೇಕು. ಉಳಿದ ಕಡೆ ತೇಲಿಸಬೇಕು. ನೆರಳು ಹಾಕದೆಯೇ ಚೀಲಕ್ಕೆ ತೂಕ ಬರುತ್ತದೆ. ಎಷ್ಟೋ ಸಲ ನಾನು ಮುಖ ಬರೆಯುವುದೇ ಇಲ್ಲ. ದಣಿವೆಲ್ಲ ಬೆನ್ನಿನ ಗೆರೆಯಲ್ಲೇ ಇರುತ್ತದೆ. ಇಂಕ್ ಅಳಿಸಲು ಬರುವುದಿಲ್ಲ ಎಂದು ಹೆದರುವವರಿದ್ದಾರೆ. ಗೆರೆ ಜಾರಿದರೆ ಪಕ್ಕದಲ್ಲೇ ಇನ್ನೊಂದು ಎಳೆಯಿರಿ. ಎರಡೂ ಸೇರಿ ಕೈ ಅಲ್ಲಾಡಿದಂತೆ ಕಾಣುತ್ತದೆ.

ಕೆ.ಕೆ. ಹೆಬ್ಬಾರರ (1911–1996) ನೃತ್ಯದ ರೇಖಾಚಿತ್ರ ನೋಡಿದವರಿಗೆ ಇದು ಹೊಸದೇನಲ್ಲ. ಕೆಲವೇ ಗೆರೆಗಳಲ್ಲಿ ಇಡೀ ಮೈ ಕುಣಿಯುತ್ತದೆ. ನಮ್ಮೂರಿನ ಎಸ್.ಎಂ. ಪಂಡಿತರು ಮೈಕಟ್ಟನ್ನು ಬಣ್ಣದಲ್ಲಿ ತುಂಬಿದವರು, ಅದು ಬೇರೆಯೇ ದಾರಿ.

ಮೆತ್ತನೆಯ ಮೈಗೆ ಮಾತ್ರ ನಿಬ್ ಸ್ವಲ್ಪ ಬಿರುಸು. ಮಗುವಿನ ಕೆನ್ನೆ, ಮಲಗಿದವರು, ಇವಕ್ಕೆ ಕುಂಚವೇ ಸರಿ. ರೆಂಬ್ರಾಂಟ್ 1654ರ ಸುಮಾರಿಗೆ ನಿದ್ದೆ ಹೋದ ಯುವತಿಯನ್ನು ಬರೆದದ್ದು ಕುಂಚದಲ್ಲೇ. ಚಿತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಇನ್ನು ತಾಪತ್ರಯ. ನಮ್ಮ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಇಂಕ್ ನಿಬ್ಬಿನ ಮೇಲೇ ಗಟ್ಟಿಯಾಗುತ್ತದೆ. ಇಂಥ ಇಂಕಿಗೆ ಸಾಮಾನ್ಯವಾಗಿ ಅರಗು ಬೆರೆಸಿರುತ್ತಾರೆ, ಒಣಗಿದರೆ ನೀರಿಗೆ ಬಗ್ಗುವುದಿಲ್ಲ. ಪಕ್ಕದಲ್ಲಿ ನೀರು, ಹಳೇ ಬನಿಯನ್ ತುಂಡು ಇರಲಿ, ಆಗಾಗ ಒರೆಸುತ್ತಿರಿ. ಫೌಂಟನ್ ಪೆನ್ನಿಗಂತೂ ಇದನ್ನು ತುಂಬಲೇಬೇಡಿ, ಕಟ್ಟಿಕೊಳ್ಳುತ್ತದೆ. ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತಾರೆ. ಸೋಪು ಹಾಕಿ ತೊಳೆಯದಿದ್ದರೆ ಇಂಕ್ ಹಿಡಿಯದೆ ಹನಿಹನಿಯಾಗಿ ಬೀಳುತ್ತದೆ. ತೆಳ್ಳನೆ ಕಾಗದವೂ ಬೇಡ, ಗೆರೆ ಹರಡುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಬಿಡಿಸುವವರು ಬ್ರಷ್ ಪೆನ್ ತಗೊಳ್ಳಿ, ಬಾಟಲಿ ಹಿಡಿದು ಓಡಾಡುವುದು ಸುಮ್ನೆ ಕಷ್ಟ. ಕೂತು ಬಿಡಿಸುವವರಿಗೆ ಇದೇ ಸರಿ. ನಿಬ್ ಮಾತ್ರ ಒಂದೇ ಕೊಳ್ಳಬೇಡಿ, ತುಕ್ಕು ಬೇಗ ಹಿಡಿಯುತ್ತದೆ.